ಇಪ್ಪತ್ತು ನಿಮಿಷದ ದಾರಿ

ಮಾರ್ಚ್ 4

ತಮ್ಮನಿಗೆ,

ಕ್ಷೇಮ ಸಮಾಚಾರವನ್ನು ಕೊನೆಯಲ್ಲಿ ಬರೆಯುತ್ತೇನೆ, ಅಷ್ಟರೊಳಗೆ ಸಿಟ್ಟು ಇಳಿದಿದ್ದರೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತಾಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀಯ, ಆಮೇಲೆ “ಮೀಟಿಂಗ್ ಇದೆ ಅಕ್ಕಾ” ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ. ತೆಪ್ಪಗೆ ಕೂತು ಪೂರ್ತಿ ಓದು.

ಇದರ ಜೊತೆಗಿರುವ ಪೊಟ್ಟಣದಲ್ಲಿ ಒಂದು ಎತ್ತರದ ಚಪ್ಪಲಿಯ ಹಿಮ್ಮಡಿ ಇದೆ. ಅದು ನಿನಗೆ ಉಡುಗೊರೆ. ಮೊನ್ನೆ ಒಬ್ಬ ಹೆಂಗಸು ಜಲಪಾತದ ದಾರಿಯಲ್ಲಿ ಮರದ ಬೇರಿಗೆ ಸಿಕ್ಕಿಸಿ ಅದನ್ನು ಮುರಿದುಕೊಂಡು, ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು, ಕುಂಟುತ್ತಾ ಅಳುತ್ತಾ ನನ್ನ ಅಂಗಡಿಗೆ ಬಂದಳು. ಬಂದವಳು ಬೈದದ್ದು ಯಾರಿಗೆ? ನನಗೆ. ಕೈಯಲ್ಲಿ ನಿಮ್ಮ ಕಚೇರಿಯ ಪುಸ್ತಕ, ‘ಊಟಕ್ಕೆ ಮೊದಲು ಮುಗಿಯುವ ನಡಿಗೆಗಳು’. ಅದರಲ್ಲಿ ನೀನು ಬರೆದದ್ದನ್ನು ನಿನಗೇ ಮತ್ತೆ ಓದಿಸುತ್ತೇನೆ, ಮರೆತಿದ್ದರೆ ಇರಲಿ:

“ಸಮುದ್ರದ ಪಕ್ಕದ ರಸ್ತೆಯ ತಿರುವಿನಲ್ಲಿರುವ ಟೀ ಅಂಗಡಿಯ ಹಿಂದಿನಿಂದ ಜಲಪಾತಕ್ಕೆ ಕಾಲುದಾರಿ ಇದೆ. ಇಪ್ಪತ್ತು ನಿಮಿಷದ ಹಗುರ ನಡಿಗೆ. ಮಕ್ಕಳೂ ಸಲೀಸಾಗಿ ನಡೆಯಬಹುದು. ದಾರಿಯುದ್ದಕ್ಕೂ ಯಾವುದೋ ಮರದ ಸಿಹಿ ಗಂಧ ಜೊತೆಗೇ ಬರುತ್ತದೆ.”

ಇಪ್ಪತ್ತು ನಿಮಿಷ! ಯಾವ ಗಡಿಯಾರದಲ್ಲಪ್ಪ? ಗಟ್ಟಿ ಕಾಲಿನವರಿಗೇ ಹತ್ತಲು ಒಂದು ಗಂಟೆಯ ಮೇಲೆ ಬೇಕು. ಸಿಮೆಂಟು ಮೆಟ್ಟಿಲು ಮುಗಿದ ಮೇಲೆ ಇರುವುದು ಬರೀ ಕಲ್ಲು ಮತ್ತು ಬೇರು. ಆಮೇಲೆ ಹಳ್ಳ, ಪಾಚಿ ಕಟ್ಟಿದ ಬಂಡೆಗಳ ಮೇಲೆ ಕಾಲಿಟ್ಟು ದಾಟಬೇಕು. ಅದರಾಚೆ ಸರಪಳಿ ಹಿಡಿದು ಏರುವ ಏರು. ಇದು ನಿನಗೆ ಹಗುರ ನಡಿಗೆ.

ಕಳೆದ ವಾರ ಒಬ್ಬ ನಿವೃತ್ತ ಭೂಗೋಳದ ಮೇಷ್ಟ್ರು ಬಂದಿದ್ದರು. “ದೂರ ಇದೆ ಸಾರ್, ನೀರು ತಗೊಂಡು ಹೋಗಿ” ಅಂದೆ. “ಇಲ್ಲಮ್ಮ, ಇಪ್ಪತ್ತೇ ನಿಮಿಷ, ಪುಸ್ತಕದಲ್ಲಿದೆ” ಅಂದರು. “ನಾನು ಹುಟ್ಟಿದ್ದೇ ಇಲ್ಲಿ ಸಾರ್” ಅಂದೆ. “ಇರಬಹುದಮ್ಮ, ಆದರೆ ಇದು ಮೂರನೇ ಮುದ್ರಣ” ಅಂದರು. ಬರೆದವನು ನನ್ನ ಒಡಹುಟ್ಟಿದ ತಮ್ಮ ಎಂದು ಹೇಳಿದೆ. “ಹಾಗಿದ್ರೆ ನೀವು ಅವರನ್ನೇ ಕೇಳಿ ತಿಳ್ಕೋಬಹುದಲ್ಲ” ಎಂದು ನನಗೇ ಬುದ್ಧಿ ಹೇಳಿ ಹೊರಟರು. ಸಂಜೆ ಇಳಿದು ಬಂದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಎರಡು ಲೋಟ ನಿಂಬೆ ಶರಬತ್ತು ಕುಡಿಸಿದ ಮೇಲೆ ಮಾತು ಬಂತು.

ಆ ಗಂಧದ ಮರದ ಕಥೆ ಬೇರೆಯೇ. ದಿನಕ್ಕೆ ಒಬ್ಬರಾದರೂ “ಎಲ್ಲಿ ಆ ಮರ?” ಎಂದು ಕೇಳದೆ ಹೋಗುವುದಿಲ್ಲ. ಅಂಥ ಮರ ಇಲ್ಲಿ ಇಲ್ಲವೇ ಇಲ್ಲ. ಒಬ್ಬ ಸಸ್ಯಶಾಸ್ತ್ರದ ಪ್ರೊಫೆಸರು ಒಂದೊಂದು ಮರದ ಬೊಡ್ಡೆಗೂ ಮೂಗು ಒತ್ತಿ ನೋಡುತ್ತಾ ಹೋಗಿ, ಮೂಗಿನ ಮೇಲೆ ಕೆಂಪಿರುವೆ ಕಚ್ಚಿಸಿಕೊಂಡು ಬಂದರು. ಅದಕ್ಕೂ ಸುಣ್ಣ ಹಚ್ಚಿದವಳು ನಾನೇ.

ಮುಂದಿನ ಮುದ್ರಣದಲ್ಲಿ ಇದನ್ನೆಲ್ಲ ಸರಿಮಾಡು. ಸಿಟ್ಟು ಇಳಿದಿಲ್ಲ, ಆದ್ದರಿಂದ ಕ್ಷೇಮ ಸಮಾಚಾರ ಇಲ್ಲ.

ಅಕ್ಕ

&nbsp;

ಮಾರ್ಚ್ 15

ಅಕ್ಕಾ,

ಹಿಮ್ಮಡಿ ಕ್ಷೇಮವಾಗಿ ತಲುಪಿತು. ನನ್ನ ಮೇಜಿನ ಮೇಲೆ ಅದನ್ನು ಕಂಡ ಸಂಪಾದಕರು “ಏನ್ರೀ ಇದು, ಹೊಸಾ ಪೇಪರ್‌ವೇಟಾ?” ಅಂದರು. ಹೌದೆಂದೆ. ಇನ್ನೇನು ಹೇಳಲಿ?

ನಿನ್ನ ಕಾಗದವನ್ನು ಪೂರ್ತಿ ಓದಿದೆ, ಎರಡು ಸಲ ಓದಿದೆ. ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಿನಗೆ ಮೊದಲಿನಿಂದಲೂ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. ನೆಗಡಿ ಬಂದರೆ ಜ್ವರ ಎನ್ನುವವಳು ನೀನು. ಇಪ್ಪತ್ತು ನಿಮಿಷದ ದಾರಿ ನಿನ್ನ ಬಾಯಲ್ಲಿ ಒಂದು ಗಂಟೆಯಾದರೆ ನನಗೆ ಆಶ್ಚರ್ಯವಿಲ್ಲ.

ಈ ಪುಸ್ತಕದ ಬೇರೆ ನಡಿಗೆಗಳನ್ನೆಲ್ಲ ಯಾರು ಯಾರೋ ಹೋಗಿ ನೋಡಿ ಬರೆದು ಕೊಟ್ಟದ್ದು. ಇದೊಂದನ್ನು ಮಾತ್ರ ನಾನೇ ಬರೆದೆ, ಏಕೆಂದರೆ ಆ ದಾರಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಚಿಕ್ಕಮ್ಮನ ಮನೆಗೆ ಓದಲು ಹೋಗುವ ಮೊದಲು, ನಾನು ಐದು ವರ್ಷದವನಿದ್ದಾಗ, ನೀನೇ ನನ್ನನ್ನು ಕರೆದುಕೊಂಡು ಹೋಗಿದ್ದೆ. ಮೆಟ್ಟಿಲುಗಳು, ಒಂದು ತಿರುವು, ತಲೆಯ ಮೇಲೆ ಎಲೆಗಳು, ಮೂಗಿನ ತುಂಬ ಆ ಗಂಧ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಎದುರಿಗೆ ಜಲಪಾತ. ಒಂಚೂರೂ ಕಾಲು ನೋಯಲಿಲ್ಲ. ಐದು ವರ್ಷದವನಿಗೆ ಆದದ್ದು ಭೂಗೋಳದ ಮೇಷ್ಟ್ರಿಗೆ ಆಗುವುದಿಲ್ಲವೆಂದರೆ ತಪ್ಪು ದಾರಿಯದಲ್ಲ. ಈಗಿನ ಜನ ಕಾರಿನಿಂದ ಇಳಿದು ಅಂಗಡಿಯವರೆಗೆ ನಡೆದರೇ ಏದುಸಿರು ಬಿಡುತ್ತಾರೆ.

ಮರ ಇದ್ದೇ ಇದೆ, ನೀನು ಗಮನಿಸಿಲ್ಲ ಅಷ್ಟೆ. ದಿನವೂ ಅಲ್ಲೇ ಇರುವವರಿಗೆ ಗಂಧ ಗೊತ್ತಾಗುವುದಿಲ್ಲ. ಅಷ್ಟು ತೊಂದರೆಯೆನಿಸಿದರೆ ಅಂಗಡಿಗೆ ಒಂದು ಬೋರ್ಡು ಹಾಕು. ಭಾವನಿಗೆ ನನ್ನ ನಮಸ್ಕಾರ.

ತಮ್ಮ

&nbsp;

ಮಾರ್ಚ್ 22

ತಮ್ಮನಿಗೆ,

ಬೋರ್ಡು ಹಾಕಿದೆವು. ನಿನ್ನ ಭಾವ ಜೆಟ್ಟಿಯಲ್ಲಿ ದೋಣಿ ಇಂಜಿನ್ನು ರಿಪೇರಿ ಮಾಡಿ ಮನೆಗೆ ಬಂದ ಮೇಲೆ, ಮಿಕ್ಕಿದ್ದ ನೀಲಿ ಬಣ್ಣದಲ್ಲಿ ‘ಜಲಪಾತಕ್ಕೆ ಒಂದು ಗಂಟೆಗೂ ಹೆಚ್ಚು, ನೀರು ಒಯ್ಯಿರಿ’ ಎಂದು ದೊಡ್ಡದಾಗಿ ಬರೆದರು. ಫಲ ಏನಾಯಿತು ಗೊತ್ತೆ? ಬಂದವರು ಒಮ್ಮೆ ಬೋರ್ಡು ನೋಡುತ್ತಾರೆ, ಒಮ್ಮೆ ಪುಸ್ತಕ ನೋಡುತ್ತಾರೆ, ಆಮೇಲೆ ನನ್ನ ಅಂಗಡಿಯ ನೀರಿನ ಬಾಟಲಿಗಳನ್ನು ನೋಡಿ ತಮ್ಮತಮ್ಮಲ್ಲೇ ನಗುತ್ತಾರೆ. “ವ್ಯಾಪಾರದ ಟ್ರಿಕ್ಕು ಕಣೇ” ಎಂದು ಒಬ್ಬ ತನ್ನ ಹೆಂಡತಿಗೆ ನನ್ನ ಎದುರಿಗೇ ಹೇಳಿದ. ನಿನ್ನ ಬುದ್ಧಿವಾದ ಕೇಳಿ ಕಳ್ಳಿಯೂ ಆದೆ.

ಆ ಗಂಡ ಹೆಂಡಿರು ಹೊಸದಾಗಿ ಮದುವೆಯಾದವರು. ನಾಲ್ಕು ಗಂಟೆಗೆ ಕೈಬೀಸಿಕೊಂಡು ಹೊರಟರು. ಬೆಳಕು ಇಳಿಯುತ್ತಾ ಬಂದರೂ ಪತ್ತೆಯಿಲ್ಲ. ಅಂಗಡಿಗೆ ಬಾಗಿಲು ಹಾಕಿ ನಾನೇ ಹತ್ತಿದೆ. ನೋಡಿದರೆ ಹಳ್ಳದ ನಡುವಿನ ಬಂಡೆಯ ಮೇಲೆ ಇಬ್ಬರೂ ಅತ್ತಲೂ ಇಲ್ಲ ಇತ್ತಲೂ ಇಲ್ಲ, ಮುಖ ತಿರುಗಿಸಿಕೊಂಡು ಕೂತಿದ್ದಾರೆ. “ನಿಮ್ಮಿಂದಲೇ ಆಗಿದ್ದು”, “ನೀನೇ ತಾನೆ ಪುಸ್ತಕ ತಂದಿದ್ದು” ಎಂದು ಜಗಳ. ಒಬ್ಬೊಬ್ಬರನ್ನೇ ಕೈಹಿಡಿದು ದಾಟಿಸಿದೆ. ಮದುವೆಯಾದ ವಾರಕ್ಕೇ ಒಂದು ಸಂಸಾರ ಒಡೆದ ಪಾಪ ನಿನ್ನ ಪುಸ್ತಕಕ್ಕೆ ಬರುತ್ತಿತ್ತು.

ಹೀಗೆ ಹತ್ತುವುದು ಈಗ ವಾರಕ್ಕೊಮ್ಮೆ ಆಗಿದೆ. ಬಿಟ್ಟು ಕೂರಲು ಮನಸ್ಸು ಬರುವುದಿಲ್ಲ. ಅವರು ಹೊರಟದ್ದು ನನ್ನ ಅಂಗಡಿಯ ಹಿಂದಿನಿಂದ, ನನ್ನ ತಮ್ಮನ ಮಾತು ನಂಬಿ. ಯಾರಿಗಾದರೂ ಹೆಚ್ಚುಕಮ್ಮಿಯಾದರೆ ನಾನು ಯಾವ ಮುಖ ಹೊತ್ತು ಓಡಾಡಲಿ?

‘ಇಪ್ಪತ್ತು’ ಹೊಡೆದು ಸರಿಯಾದದ್ದನ್ನು ಬರೆಯಲು ನಿನಗೆ ಏನು ಕಷ್ಟ? ಒಂದು ಗೆರೆ ಎಳೆಯಲು ಕೈ ನೋಯುತ್ತದೆಯೆ? ಐದು ವರ್ಷದವನಿದ್ದಾಗ ಕಂಡದ್ದೇ ವೇದವಾಕ್ಯ, ಇಲ್ಲೇ ಬಿದ್ದಿರುವ ಅಕ್ಕ ಹೇಳುವುದು ಬುರುಡೆ. ಕ್ಷೇಮ ಸಮಾಚಾರ ಈ ಸಲವೂ ಇಲ್ಲ.

ಅಕ್ಕ

&nbsp;

ಏಪ್ರಿಲ್ 2

ಅಕ್ಕಾ,

ನಿನ್ನ ಹಠಕ್ಕೆ ಸೋತೆ. ನಾಲ್ಕನೇ ಮುದ್ರಣದ ಕರಡು ನನ್ನ ಮುಂದೆಯೇ ಇದೆ, ಈಗಷ್ಟೇ ತಿದ್ದಿದೆ. ಇಪ್ಪತ್ತು ನಿಮಿಷ ಎಂದಿದ್ದದ್ದನ್ನು ಇಪ್ಪತ್ತೈದು ಮಾಡಿದ್ದೇನೆ.

ಇದಕ್ಕಿಂತ ಹೆಚ್ಚು ಕೇಳಬೇಡ. ಇದಕ್ಕೆ ಕಾರಣವಿದೆ, ಹೇಳಿದರೆ ನೀನು ಇನ್ನೊಂದು ಚಪ್ಪಲಿ ಕಳಿಸುತ್ತೀಯ. ನಿನಗೆ ಒಳ್ಳೆಯದಾಗಲೆಂದೇ ಮಾಡುತ್ತಿದ್ದೇನೆ ಎಂದಷ್ಟೇ ತಿಳಿದುಕೋ. ಮತ್ತೆ ನೀನು ಅವರಿವರನ್ನು ಹುಡುಕಿಕೊಂಡು ಗುಡ್ಡ ಹತ್ತುವ ಅಗತ್ಯವೇನೂ ಇಲ್ಲ. ಅವರೇನು ಮಕ್ಕಳಲ್ಲ, ಇಳಿದು ಬರುತ್ತಾರೆ.

ತಮ್ಮ

&nbsp;

ಏಪ್ರಿಲ್ 21

ತಮ್ಮನಿಗೆ,

ಇಪ್ಪತ್ತೈದಕ್ಕೆ ಏರಿಸಿದ್ದೀಯ. ದೊಡ್ಡ ಮನಸ್ಸು.

ಜಗಳವಾಡಲು ಈಗ ನನಗೆ ಉತ್ಸಾಹವಿಲ್ಲ. ಈಚೆಗೆ ನಾನು ಮೇಲೆ ಹೋಗುತ್ತಿಲ್ಲ. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತೇ ಇರುತ್ತೇನೆ. ಟೀ ಮಾಡುವುದು, ಲೋಟ ತೊಳೆಯುವುದು ಎಲ್ಲ ನಿನ್ನ ಭಾವ. ಜೆಟ್ಟಿಯ ಕೆಲಸಕ್ಕೆ ಸ್ವಲ್ಪ ದಿನ ರಜೆ ಹಾಕಿದ್ದಾರೆ. ಟೀಯಲ್ಲಿ ಡೀಸೆಲ್ ವಾಸನೆ ಬರುತ್ತದೆಂದು ಒಬ್ಬರು ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ.

ಅಕ್ಷರ ಸೊಟ್ಟಗಿದ್ದರೆ ಏನೂ ಅಂದುಕೊಳ್ಳಬೇಡ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಅಕ್ಕ

&nbsp;

ಏಪ್ರಿಲ್ 28

ಅಕ್ಕಾ,

ನಿನ್ನ ಕಾಗದ ಓದಿ ನನ್ನ ತಲೆಯ ಮೇಲಿನ ಭಾರ ಇಳಿಯಿತು. ಅಂತೂ ಇಂತೂ ನೀನು ಒಂದು ಕಡೆ ಕೂತೆಯಲ್ಲ! ಭಾವ ಟೀ ಮಾಡುತ್ತಾರೆ, ಲೋಟ ತೊಳೆಯುತ್ತಾರೆ ಎಂದರೆ ನನಗೆ ನಂಬಲೇ ಆಗುತ್ತಿಲ್ಲ. ಈ ವಯಸ್ಸಿನಲ್ಲಾದರೂ ಸ್ವಲ್ಪ ರಾಣಿಯ ಹಾಗೆ ಇರು, ಕಾಲು ಚಾಚಿ ಕೂರು. ನೋಡು, ನೀನು ಹತ್ತುವುದು ಬಿಟ್ಟೆ, ಯಾವ ಪ್ರಳಯವೂ ಆಗಲಿಲ್ಲ.

ಇನ್ನೊಂದು ಖುಷಿಯ ಸಂಗತಿ. ಈ ದಾರಿಯ ಬಗ್ಗೆ ಬೇರೆ ಓದುಗರಿಂದಲೂ ಒಂದೆರಡು ತಕರಾರು ಬಂದಿದ್ದವು. ಅವರ ಬಾಯಿ ಮುಚ್ಚಿಸಲೆಂದು ಹೊಸ ಮುದ್ರಣಕ್ಕೆ ಒಂದು ಸಾಲು ಸೇರಿಸಿದ್ದೇನೆ: “ಐದು ವರ್ಷದ ಮಗುವಾಗಿದ್ದಾಗ ಈ ಲೇಖಕನೇ ಈ ದಾರಿಯನ್ನು ಚೂರೂ ದಣಿಯದೆ ನಡೆದಿದ್ದಾನೆ.” ಇನ್ನು ಯಾರೂ ಉಸಿರೆತ್ತುವುದಿಲ್ಲ. ಮೇ ಕೊನೆಗೆ ಪುಸ್ತಕ ಅಚ್ಚಿಗೆ ಹೋಗುತ್ತದೆ.

ತಮ್ಮ

&nbsp;

ಮೇ 4

ತಮ್ಮಾ,

ಚೂರೂ ದಣಿಯದೆ! ಸರಿಯಾಗಿಯೇ ಬರೆದಿದ್ದೀಯ. ದಣಿಯುವುದಾದರೂ ಹೇಗೆ?

ನೀನು ಆ ದಾರಿಯಲ್ಲಿ ನಡೆದದ್ದು ಯಾವಾಗ ಕಣೋ? ಇಷ್ಟು ದಿನ ನೀನು ದಾರಿಯನ್ನು ಸುಮ್ಮನೆ ಹೊಗಳುತ್ತಿದ್ದೀಯ ಎಂದುಕೊಂಡಿದ್ದೆ. ನಡೆದಿದ್ದೇನೆ ಎಂದೇ ನಂಬಿಕೊಂಡು ಕೂತಿದ್ದೀಯ ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಈಗ ಕಿವಿ ತೆರೆದು ಕೇಳು.

ನನಗೆ ಆಗ ಹನ್ನೆರಡು. ಆ ದಿನ ಅಂಗಡಿಯಲ್ಲಿ ಜನವೋ ಜನ. ನೀನು ಅಮ್ಮನ ಸೆರಗು ಹಿಡಿದು ರಾಗ ಎಳೆಯುತ್ತಿದ್ದೆ. “ಇವನನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗೇ, ಕೈಕಾಲಿಗೆ ಸಿಗ್ತಾನೆ” ಎಂದಳು ಅಮ್ಮ. ಜಲಪಾತ ತೋರಿಸುತ್ತೇನೆಂದು ನಿನ್ನನ್ನು ಹೊರಡಿಸಿದೆ. ಸಿಮೆಂಟು ಮೆಟ್ಟಿಲು ಮುಗಿದ ಕೂಡಲೇ ಒಂದು ಚಪ್ಪಟೆ ಬಂಡೆ ಸಿಗುತ್ತದಲ್ಲ, ಅಲ್ಲಿಗೆ ನಿನ್ನ ನಡಿಗೆ ಮುಗಿಯಿತು. “ಕಾಲು ನೋಯತ್ತೆ” ಎಂದು ಅದರ ಮೇಲೆ ಕೂತೆ. ವಾಪಸ್ಸು ಹೋಗೋಣವೆಂದರೆ ಅದಕ್ಕೂ ಅತ್ತೆ, ಮುಂದೆ ಹೋಗೋಣವೆಂದರೂ ಅತ್ತೆ. ಜಲಪಾತ ಬೇಕು, ಆದರೆ ನಡೆಯುವುದಿಲ್ಲ. ಈಗಲೂ ನೀನು ಹಾಗೇ ಇದ್ದೀಯ.

ಬೆನ್ನ ಮೇಲೆ ಹೊತ್ತುಕೊಂಡೆ. ಎರಡು ತಿರುವು ದಾಟುವಷ್ಟರಲ್ಲಿ ನನ್ನ ಜಡೆಯೊಳಗೆ ಮೂಗು ತೂರಿಸಿ ನೀನು ನಿದ್ದೆ ಹೋದೆ. ಬೇರಿನ ಮೇಲೆ, ಹಳ್ಳದ ಬಂಡೆಯ ಮೇಲೆ, ಸರಪಳಿಯ ಏರಿನಲ್ಲಿ, ಒಂದು ಕೈಯಲ್ಲಿ ನಿನ್ನನ್ನು ಹಿಂದಕ್ಕೆ ಹಿಡಿದು ಇನ್ನೊಂದು ಕೈಯಲ್ಲಿ ಆಸರೆ ಹಿಡಿದು ಹತ್ತಿದವಳು ನಾನು. ಜಲಪಾತದ ಎದುರು ನಿನ್ನ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದೆ. ನೀನು ಕಣ್ಣುಜ್ಜಿಕೊಂಡು “ಬಂತಾ?” ಅಂದೆ, ಚಪ್ಪಾಳೆ ತಟ್ಟಿದೆ. ಇಳಿಯುವಾಗಲೂ ಇದೇ ಸವಾರಿ, ಇದೇ ನಿದ್ದೆ. ಕೆಳಗೆ ಬಂದಾಗ ನಿನ್ನ ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತೆಂದು ಅಮ್ಮ ಬೈದದ್ದು ನನಗೇ. ನನ್ನ ಬೆನ್ನು ನೆಟ್ಟಗಾಗಲು ಎಷ್ಟೋ ದಿನ ಹಿಡಿಯಿತು.

ಆ ಇಪ್ಪತ್ತು ನಿಮಿಷ ಎಂದರೆ ನೀನು ಎಚ್ಚರವಾಗಿದ್ದ ಹೊತ್ತು. ಉಳಿದದ್ದು ನನ್ನ ಲೆಕ್ಕಕ್ಕೆ. ಅದನ್ನು ನಂಬಿಕೊಂಡು ಊರ ಜನವೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದಾರೆ.

ನಿನಗೆ ನಿನ್ನ ಪುಸ್ತಕವೇ ಹೆಚ್ಚು, ನಿನ್ನ ಸಾಲೇ ಚೆಂದ. ಅಚ್ಚಿಗೆ ಕೊಡುವ ಮೊದಲು ಒಂದು ಸಲ ಬಂದು ಆ ದಾರಿ ನಡೆ. ನಿನ್ನ ಸ್ವಂತ ಕಾಲ ಮೇಲೆ. ಆಮೇಲೆ ಏನು ಬೇಕಾದರೂ ಬರೆದುಕೋ, ನಾನು ಕೇಳುವುದಿಲ್ಲ.

ಅಕ್ಕ

&nbsp;

ಮೇ 23

ಅಕ್ಕಾ,

ನಿನ್ನಲ್ಲಿಗೆ ಬಂದವನು ಹೇಳದೆ ಬೆಳಗಿನ ಬಸ್ಸು ಹತ್ತಿ ವಾಪಸ್ಸು ಬಂದದ್ದಕ್ಕೆ ನಿನಗೆ ಸಿಟ್ಟಿರುತ್ತದೆ. ನನಗೂ ಇದೆ. ನಿನ್ನ ಎದುರಿಗೆ ನನಗೆ ಎರಡು ಮಾತು ಪೂರ್ತಿ ಆಡಲಾಗಲಿಲ್ಲ, ಆದ್ದರಿಂದ ಈಗ ನನ್ನ ಸರದಿ. ಕಾಗದಕ್ಕೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ.

ಸ್ಟೂಲಿನ ಮೇಲೆ ಕೂತೇ ಇರುತ್ತೇನೆ ಎಂದು ಬರೆದೆ. ಅದರ ಎದುರಿಗೆ ಇನ್ನೊಂದು ಸ್ಟೂಲಿದೆ, ಅದರ ಮೇಲೆ ತೊಡೆಯವರೆಗೆ ಪ್ಲಾಸ್ಟರ್ ಹಾಕಿದ ಕಾಲಿದೆ ಎಂದು ಯಾಕೆ ಬರೆಯಲಿಲ್ಲ? ಬಸ್ಸಿನಿಂದ ಇಳಿದವನಿಗೆ ಮೊದಲು ಕಂಡದ್ದು ಅದೇ. ನಾನು ನಿನಗೆ ಬರೆದದ್ದೇನು? ರಾಣಿಯ ಹಾಗೆ ಕಾಲು ಚಾಚಿ ಕೂರು ಎಂದು. ಆ ಸಾಲು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ನೀನು ಏನೂ ಆಗದ ಹಾಗೆ “ಬಂದ್ಯಾ, ಟೀ ಕುಡಿ, ಡೀಸೆಲ್ ಇದೆ” ಎಂದು ನಕ್ಕೆ.

ನಡೆದದ್ದನ್ನು ಭಾವನೇ ಹೇಳಿದರು. ತಳ್ಳುಗಾಡಿಯಲ್ಲಿ ಕೂಸನ್ನು ಕೂರಿಸಿಕೊಂಡು ಹೊರಟಿದ್ದ ಒಂದು ಕುಟುಂಬವನ್ನು ಕರೆತರಲು ಹೋಗಿ ನೀನು ಹಳ್ಳದಲ್ಲಿ ಜಾರಿದ್ದು. ಅವರ ಕೈಯಲ್ಲೂ ನನ್ನ ಪುಸ್ತಕವೇ ಇತ್ತು. ಪ್ಲಾಸ್ಟರ್ ಬಿಚ್ಚಿದರೂ ಆ ಮೊಣಕಾಲು ಇನ್ನು ಗುಡ್ಡ ಹತ್ತುವುದಿಲ್ಲ ಎಂದರಂತೆ ಡಾಕ್ಟರು. ನೀನು ಅದನ್ನು ನನಗೆ ಹೇಳಬಾರದೆಂದು ಭಾವನಿಂದ ಮಾತು ತೆಗೆದುಕೊಂಡಿದ್ದೆ. “ಹೇಳಿದ್ರೆ ಅಂಗಡಿ ಮುಚ್ಚು ಅಂತಾನೆ” ಅಂದೆಯಂತೆ. ಸರಿಯಾಗಿಯೇ ಊಹಿಸಿದ್ದೆ. ಬಂದ ಕೂಡಲೇ ನಾನು ಅಂದದ್ದು ಅದನ್ನೇ.

ಮಾರನೆಯ ದಿನ ಒಬ್ಬನೇ ಹತ್ತಿದೆ. ಚಪ್ಪಟೆ ಬಂಡೆಯವರೆಗೆ ಹುರುಪಿನಲ್ಲಿ ಹೋದೆ. ಅಲ್ಲಿಂದ ಮುಂದೆ ನನ್ನ ನೆನಪಿನಲ್ಲಿದ್ದ ದಾರಿ ಒಂದು ಹೆಜ್ಜೆಯಷ್ಟೂ ಸಿಗಲಿಲ್ಲ. ಬೇರುಗಳಲ್ಲಿ ಎಡವಿದೆ, ಹಳ್ಳವನ್ನು ಕೈಕಾಲು ಊರಿ ದಾಟಿದೆ, ಸರಪಳಿ ಹಿಡಿದು ನಿಂತು ದೇವರೇ ಎಂದೆ. ಗಡಿಯಾರ ನೋಡಲು ಧೈರ್ಯವಾಗಲಿಲ್ಲ. ಹನ್ನೆರಡು ವರ್ಷದ ಹುಡುಗಿ ಮಲಗಿದ ಮಗುವನ್ನು ಬೆನ್ನಿಗೆ ಹಾಕಿಕೊಂಡು ಇಲ್ಲಿ ಹೇಗೆ ಹತ್ತಿದಳು ಎಂದು ಈಗಲೂ ಯೋಚಿಸುತ್ತಿದ್ದೇನೆ.

ಆ ಮರವನ್ನೂ ಹುಡುಕಿದೆ. ಹೌದು, ಒಂದೊಂದು ಬೊಡ್ಡೆಗೂ ಮೂಗು ಒತ್ತಿದೆ, ಪ್ರೊಫೆಸರರ ಹಾಗೆಯೇ. ಕೆಂಪಿರುವೆ ನನ್ನನ್ನೂ ಬಿಡಲಿಲ್ಲ. ಎಲ್ಲೂ ಆ ಗಂಧ ಇಲ್ಲ. ಕೊನೆಗೆ ಜಲಪಾತದ ಎದುರು ಕೂತು, ಅದು ಯಾವ ಕಡೆಯಿಂದ ಬರುತ್ತಿತ್ತು ಎಂದು ನೆನೆಸಿಕೊಂಡೆ. ಎಡದಿಂದಲೂ ಅಲ್ಲ, ಬಲದಿಂದಲೂ ಅಲ್ಲ. ಮೂಗಿಗೆ ಅಂಟಿಕೊಂಡೇ ಇತ್ತು, ಬೆಚ್ಚಗಿತ್ತು. ನೀನು ಆಗ ತಲೆಗೆ ಹಚ್ಚುತ್ತಿದ್ದ, ಗುಲಾಬಿ ಬಣ್ಣದ ಬಾಟಲಿಯ ಎಣ್ಣೆ. ಜಡೆಯೊಳಗೆ ಮೂಗು ತೂರಿಸಿ ಮಲಗಿದೆ ಎಂದು ನೀನೇ ಬರೆದಿದ್ದೆ, ಆದರೂ ನನಗೆ ಅಲ್ಲಿಯವರೆಗೆ ಹೊಳೆಯಲಿಲ್ಲ. ಅಲ್ಲೇ ಕೂತು ಅತ್ತೆ ಅಕ್ಕಾ. ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಕೆಳಗೆ ಬಂದು ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ನೀನು “ಎಷ್ಟು ಹೊತ್ತಾಯ್ತು?” ಎಂದು ಕೇಳಿದೆ. ನನಗೆ ಉರಿಯಿತು. “ಮೊದಲು ಅಂಗಡಿ ಮುಚ್ಚು” ಎಂದೆ, “ಮೊದಲು ಪುಸ್ತಕ ತಿದ್ದು” ಎಂದೆ ನೀನು, ಭಾವ ಟೀ ಪಾತ್ರೆ ಬಿಟ್ಟು ಹೊರಗೆ ಹೋಗಿ ನಿಂತರು. ಮುಂದಿನದು ನಿನಗೆ ಗೊತ್ತಿದೆ.

ನಾನು ಯಾಕೆ ತಿದ್ದಲಿಲ್ಲ ಎಂಬುದು ನಿನಗೆ ಗೊತ್ತಿಲ್ಲ. ನಮ್ಮ ಪುಸ್ತಕದ ಹೆಸರು ನೋಡಿದ್ದೀಯ. ಅರ್ಧ ಗಂಟೆಗಿಂತ ಉದ್ದದ ನಡಿಗೆಯನ್ನು ಸಂಪಾದಕರು ಇಟ್ಟುಕೊಳ್ಳುವುದಿಲ್ಲ, ಪುಟವನ್ನೇ ಕಿತ್ತುಹಾಕುತ್ತಾರೆ. ಸಮುದ್ರದಿಂದ ದೂರ, ಒಳಗಡೆಯಿಂದ ಹೊಸ ಹೆದ್ದಾರಿ ಬಂದ ಮೇಲೆ ನಿನ್ನ ರಸ್ತೆಯಲ್ಲಿ ಯಾರು ನಿಲ್ಲುತ್ತಾರೆ? ಪುಸ್ತಕ ನೋಡಿದವರು ಮಾತ್ರ. ಆ ಪುಟ ಹೋದರೆ ನಿನ್ನ ಒಲೆ ಆರುತ್ತದೆ. ನೀನು ನನ್ನ ಸಹಾಯ ಬೇಡುವವಳಲ್ಲ, ಕೊಟ್ಟರೆ ಮುಟ್ಟುವವಳೂ ಅಲ್ಲ. ಅದಕ್ಕೇ ಹೀಗೆ ಮಾಡಿದೆ. ನಿನ್ನ ಗಿರಾಕಿಗಳನ್ನು ಉಳಿಸಲು ಹೋಗಿ ನಿನ್ನ ಕಾಲು ಮುರಿದೆ.

ಈಗ ಪುಟವನ್ನು ಹೊಸದಾಗಿ ಬರೆದಿದ್ದೇನೆ. ಸಂಪಾದಕರು ಮೂರು ದಿನ ಗೊಣಗಿ ಒಪ್ಪಿದರು. ಅಚ್ಚಿಗೆ ಹೋಗಿರುವುದು ಇದು:

“ಟೀ ಅಂಗಡಿಯ ಹಿಂದಿನ ಸಿಮೆಂಟು ಮೆಟ್ಟಿಲು ಹತ್ತಿದರೆ ಒಂದು ಚಪ್ಪಟೆ ಬಂಡೆ ಸಿಗುತ್ತದೆ. ನಮ್ಮ ನಡಿಗೆ ಇಷ್ಟೇ. ಮರಗಳ ಸಂದಿಯಲ್ಲಿ ಜಲಪಾತ ಬಿಳಿಯ ದಾರದಂತೆ ಕಾಣುತ್ತದೆ, ಸದ್ದು ಚೆನ್ನಾಗಿ ಕೇಳುತ್ತದೆ. ಕಾಲು ನೋಯುತ್ತದೆ ಎನ್ನುವ ಮಕ್ಕಳು ಕೂರುವ ಜಾಗವೂ ಇದೇ. ಮುಂದೆ ಹೋಗಲೇಬೇಕೆನ್ನುವವರು ಮೊದಲು ಅಂಗಡಿಯಾಕೆಯನ್ನು ಕೇಳಬೇಕು. ಆಕೆ ಹೇಳುವುದಕ್ಕೂ ಈ ಪುಸ್ತಕ ಹೇಳುವುದಕ್ಕೂ ಹೊಂದದಿದ್ದರೆ ಆಕೆಯ ಮಾತೇ ಸರಿ. ದಾರಿಯುದ್ದಕ್ಕೂ ಯಾವುದೋ ಮರದ ಸಿಹಿ ಗಂಧ ಜೊತೆಗೇ ಬರುತ್ತದೆ.”

ಕೊನೆಯ ಸಾಲು ಹೊಡೆದುಹಾಕಬೇಕಿತ್ತು. ಅದರ ಮೇಲೆ ಪೆನ್ನು ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಕೈ ಬರಲಿಲ್ಲ. ಬೈಯುವುದಿದ್ದರೆ ಬೈ.

ತಮ್ಮ

&nbsp;

ಅಕ್ಟೋಬರ್ 9

ತಮ್ಮನಿಗೆ,

ಬೈಯುವುದಿದೆ.

ಪುಸ್ತಕ ಬಂದು ತಿಂಗಳಾಯಿತು, ನನಗೆ ಉಸಿರಾಡಲು ಪುರುಸೊತ್ತಿಲ್ಲ. ‘ಆಕೆಯ ಮಾತೇ ಸರಿ’ ಎಂದು ಅಚ್ಚು ಹಾಕಿಸಿಬಿಟ್ಟೆಯಲ್ಲ, ಈಗ ಜನ ಬಂದು “ನೀವೇನಾ ಆಕೆ?” ಎಂದು ಕೇಳಿ ಎದುರಿಗೆ ಕೂತುಬಿಡುತ್ತಾರೆ. ಮಳೆ ಬರುತ್ತಾ? ಗಾಡಿಯ ಸದ್ದು ಯಾಕೆ ಹೀಗಿದೆ? ಮಗಳನ್ನು ಯಾವ ಕಾಲೇಜಿಗೆ ಸೇರಿಸಲಿ? ನಾನು ಟೀ ಮಾರುವವಳೋ, ಕಣಿ ಹೇಳುವವಳೋ? ಆ ಭೂಗೋಳದ ಮೇಷ್ಟ್ರು ನಾಲ್ಕನೇ ಮುದ್ರಣ ಹಿಡಿದು ಮತ್ತೆ ಬಂದರು. ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. “ಈ ಸಲ ನನ್ನ ಮಾತು ಹೇಗೆ ನಂಬಿದ್ರಿ ಸಾರ್?” ಅಂದೆ. “ಪುಸ್ತಕದಲ್ಲೇ ಬರೆದಿದೆಯಲ್ಲಮ್ಮ” ಅಂದರು. ಹಣೆ ಚಚ್ಚಿಕೊಂಡೆ.

ಎಲ್ಲರೂ ಬಂಡೆಯ ಮೇಲೆ ಕೂತು ಟೀ ಅಲ್ಲಿಗೇ ತರಿಸಿಕೊಳ್ಳುತ್ತಾರೆ. ನಿನ್ನ ಭಾವ ಸಂಜೆ ಜೆಟ್ಟಿಯಿಂದ ಬಂದು, ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಇಳಿದು, ಪ್ರತಿ ಮೆಟ್ಟಿಲಿಗೂ ನಿನ್ನ ಹೆಸರು ಹೇಳಿಕೊಂಡು ಬೈಯುತ್ತಾರೆ. ಮುಂದೆ ಹೋಗುವವರು ಕಡಿಮೆ. ಹೋಗುವವರು ನನ್ನನ್ನು ಕೇಳಿ, ಒಳ್ಳೆಯ ಬೂಟು ಹಾಕಿಕೊಂಡು ಬೆಳಗ್ಗೆಯೇ ಹೋಗುತ್ತಾರೆ, ತಾವಾಗಿಯೇ ಬರುತ್ತಾರೆ. ಈ ಮುದ್ರಣ ಬಂದ ಮೇಲೆ ಯಾರನ್ನೂ ಹುಡುಕಿಕೊಂಡು ಹೋಗುವ ಪ್ರಸಂಗ ಬಂದಿಲ್ಲ.

ನಾನು ಈಗ ಕೋಲು ಹಿಡಿದು ಅಂಗಡಿಯೊಳಗೆ ಓಡಾಡುತ್ತೇನೆ. ಮೆಟ್ಟಿಲು ಹತ್ತುವುದಿಲ್ಲ. ಜಲಪಾತವನ್ನು ಇನ್ನು ನೋಡುವುದಿಲ್ಲವಲ್ಲ ಎಂದು ಮೊದಮೊದಲು ಅಳು ಬರುತ್ತಿತ್ತು. ಈಗ ಗಾಡಿಗಳ ಸದ್ದು ನಿಂತಾಗ ಅದರ ಸದ್ದಿಗೆ ಕಿವಿ ಕೊಡುತ್ತೇನೆ, ಇಲ್ಲಿಗೂ ಕೇಳುತ್ತದೆ.

ಆ ಮರದ ಸಾಲು ಉಳಿಸಿದ್ದೀಯಲ್ಲ, ಅದಕ್ಕೆ ನಿನ್ನನ್ನು ಏನು ಮಾಡಬೇಕು ಹೇಳು. ಆ ಎಣ್ಣೆ ಅಂಗಡಿಗಳಿಗೆ ಬರುವುದು ನಿಂತು ಎಷ್ಟು ಕಾಲವಾಯಿತೋ. ನಿನ್ನ ಕಾಗದ ಓದಿದ ದಿನ ಹುಚ್ಚಿಯ ಹಾಗೆ ಪೆಟ್ಟಿಗೆಯೆಲ್ಲ ಕೆದಕಿದೆ, ಒಂದು ಖಾಲಿ ಬಾಟಲಿಯಾದರೂ ಸಿಗುತ್ತದೆಯೋ ಎಂದು. ಸಿಗಲಿಲ್ಲ. ಜನ ಮಾತ್ರ ಕೇಳುವುದು ಬಿಟ್ಟಿಲ್ಲ. ನಿನ್ನೆ ಒಬ್ಬ ಹೆಂಗಸು ಪುಟ್ಟ ಮಗನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂಡೆಯಿಂದ ಇಳಿದು ಬಂದಳು, ಬೆವರು ಸುರಿಯುತ್ತಿತ್ತು. “ಎಲ್ಲಾ ಕಡೆ ಹುಡುಕಿದ್ವಿ ಅಮ್ಮಾ, ಆ ಗಂಧದ ಮರ ಎಲ್ಲಿದೆ?” ಎಂದು ಕೇಳಿದಳು.

“ಆ ಮರಕ್ಕೆ ಮೊಣಕಾಲು ನೋವು ಕಣಮ್ಮ, ಈಗ ಮೇಲೆ ಹತ್ತಲ್ಲ. ಇಲ್ಲೇ ಕೂತು ಟೀ ಮಾಡುತ್ತೆ” ಅಂದೆ.

ಅವಳಿಗೆ ಏನೂ ತಿಳಿಯಲಿಲ್ಲ. ಮಗು ಅವಳ ಭುಜದ ಮೇಲೆ ನಿದ್ದೆ ಹೋಗಿತ್ತು. ಅವಳಿಗೆ ಟೀ ಕೊಟ್ಟೆ.

ಸಿಟ್ಟು ಪೂರ್ತಿ ಇಳಿದಿಲ್ಲ. ಆದರೂ ಬರೆಯುತ್ತೇನೆ. ನಾವೆಲ್ಲ ಕ್ಷೇಮ.

ಅಕ್ಕ